ಅಪ್ಪನ ಉಯಿಲಿಗೆ ಟೆಂಪೊ ತುಂಬ ಸಾಕ್ಷಿ

ದೊಡ್ಡಬಳ್ಳಾಪುರದಲ್ಲಿ ವಕೀಲಿಕೆ ಮಾಡೋಳಿಗೆ ನಗೋಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಉಯಿಲು ಬರೆಸೋಕೆ ಬಂದವರು ಸಾಯೋ ಮಾತು ಆಡ್ತಾ ಆಡ್ತಾನೇ ನಗಿಸಿ ಹೋಗ್ತಾರೆ. ಆದರೆ ಒಂದು ದಿನ ನಮ್ಮಪ್ಪನೇ ಬರ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

ಎದುರುಗಡೆ ವಕೀಲರು

ಅಪ್ಪ ಇದೇ ತಾಲ್ಲೂಕಿನ ಮಧುರೆ ಕಡೆಯ ರೈತರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಿಳಿ ಪಂಚೆ ಉಟ್ಟು ನೇರ ನನ್ನ ಆಫೀಸಿಗೆ ಬಂದರು.

"ಎರಡು ಪತ್ರ ಆಗ್ಬೇಕು ಮಗಾ. ಒಂದು ನಾನು ಸಂಪಾದಿಸಿದ ಜಮೀನಿಗೆ. ನಿನಗೂ ನಿನ್ನ ತಮ್ಮನಿಗೂ ಸಮ. ಇನ್ನೊಂದು ನನಗೆ. ನಮ್ಮಣ್ಣನಿಗೆ ಆದಂಗೆ ನನಗಾಗಬಾರದು."

ಇನ್ನು ಉಳಿಯಲ್ಲ ಅಂತ ಗೊತ್ತಾದ ಮೇಲೂ ದೊಡ್ಡಪ್ಪನ ಮೂಗಿಗೆ, ಬಾಯಿಗೆ ಪೈಪು ಹಾಕಿ ಮಲಗಿಸಿದ್ದರು. ಸಾಕು ಅನ್ನೋ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅಪ್ಪನಿಗೆ ಆ ಭಯ ಹಾಗೇ ಉಳಿದುಬಿಟ್ಟಿತ್ತು. ನಾನು ಕಣ್ಣೊರೆಸಿಕೊಂಡು ಪೆನ್ನು ತೆಗೆದೆ.

"ನೀನು ಬರೀಬೇಡ. ಪಾಲು ತಗೊಳ್ಳೋಳೇ ಬರೆದ್ರೆ ಊರೋರು ಏನಂತಾರೆ? ಎದುರುಗಡೆ ವಕೀಲರ ಹತ್ರ ಹೋಗ್ತೀನಿ."

"ಅವರಾ! ಕೋರ್ಟಲ್ಲಿ ದಿನಾ ನನ್ನ ಮೇಲೆ ಜಗಳಕ್ಕೆ ಬರ್ತಾರಲ್ಲಪ್ಪಾ!"

"ಅದಕ್ಕೇ ಕಣೇ. ನಿನ್ನೆದುರು ನಿಲ್ತಾರೆ ಅಂದ್ರೆ ಕೆಲಸ ಗೊತ್ತಿರಲೇಬೇಕು" ಅಂದವರೇ, ನನ್ನ ಕಾಫಿ ಕುಡಿದು ರಸ್ತೆ ದಾಟಿದರು.

ಇಬ್ಬರು ಸಾಕ್ಷಿ

ಸಹಿ ಹಾಕೋ ದಿನ ಆ ವಕೀಲರಿಂದ ನನಗೆ ಫೋನು. "ಮೇಡಂ, ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ ಅಂದಿದ್ದೆ. ನಿಮ್ಮ ತಂದೆಯವರು ಟೆಂಪೊ ತುಂಬ ಜನ ತಂದಿದ್ದಾರೆ. ರಸ್ತೇಲಿ ಹೋಗೋರು ಧರಣಿ ಅಂದ್ಕೊಂಡಿದ್ದಾರೆ!"

ಓಡಿದೆ. ಮೆಟ್ಟಿಲ ತುಂಬ ನಮ್ಮೂರೇ ಕೂತಿತ್ತು. "ಏನಪ್ಪಾ ಇದು?" ಅಂತ ರೇಗಿದೆ.

"ಮೇಲಿನ ಮನೆಯೋರನ್ನ ಕರೆದು ಕೆಳಗಿನ ಮನೆಯೋರನ್ನ ಬಿಡೋಕಾಗುತ್ತೇನೇ? ನಾಳೆ ಅವರ ಮುಖ ಹೆಂಗೆ ನೋಡ್ಲಿ?"

ಉಯಿಲಿಗೆ ಇಬ್ಬರು ಸಹಿ ಹಾಕಿದರು. ಮಿಕ್ಕವರೆಲ್ಲ ಮುಖ ಗಂಟಿಕ್ಕಿದರು. ಎರಡನೇ ಪತ್ರಕ್ಕೂ ಇಬ್ಬರು ಬೇಕು ಅಂದಾಗ ಒಂದಿಷ್ಟು ಕಳೆ ಬಂತು. ಆ ಇಬ್ಬರು ಯಾರು ಅಂತಾನೂ ಗೊತ್ತಾದ ಮೇಲೆ, ಹಿಂದಿನಿಂದ ಒಬ್ಬ ಮಾವ ಕೇಳಿದರು: "ವಕೀಲರೇ, ಮೂರನೇ ಪತ್ರ ಯಾವುದೂ ಇಲ್ವಾ? ನಾನೂ ಇಸ್ತ್ರಿ ಶರ್ಟು ಹಾಕ್ಕೊಂಡು ಬಂದಿದೀನಿ."

ಯಾರ ಹೆಸರು?

ಎರಡನೇ ಪತ್ರ ಲಿವಿಂಗ್ ವಿಲ್. ವಾಸಿಯಾಗೋ ಆಸೆ ಇಲ್ಲದಿದ್ದರೆ ಮೆಷಿನ್ನು ಬೇಡ, ಪೈಪು ಬೇಡ, ಮನೆಗೆ ಕರ್ಕೊಂಡು ಹೋಗಿ ಅಂತ ಅಪ್ಪ ಬರೆಸಿದರು.

"ನಿಮಗೆ ಮಾತಾಡೋಕಾಗದೇ ಇದ್ದಾಗ ಇದನ್ನ ಡಾಕ್ಟರಿಗೆ ಯಾರು ಹೇಳಬೇಕು?" ವಕೀಲರು ಕೇಳಿದರು.

ಎಲ್ಲರೂ ಅಪ್ಪನ ಪಕ್ಕ ನಿಂತಿದ್ದ ನನ್ನ ತಮ್ಮನ ಕಡೆ ನೋಡಿದರು. ಅವನು ಆಗಲೇ ಅಳ್ತಿದ್ದ. ನನ್ನ ಕಡೆ ಯಾರು ನೋಡ್ತಾರೆ? ಚಿಕ್ಕಂದಿನಿಂದ ಊರೆಲ್ಲ ನನಗೆ ಹೇಳಿದ್ದು ಒಂದೇ ಮಾತು, "ಹೆಣ್ಮಗಳು, ಬಾಯಿ ಕಮ್ಮಿ ಮಾಡ್ಕೋ."

"ಮಗ ಚಿನ್ನದಂಥೋನು ಸ್ವಾಮಿ. ಆದ್ರೆ ಡಾಕ್ಟರನ್ನ ಕಂಡ್ರೆ ಕೈ ಮುಗಿದು ನಿಂತ್ಬಿಡ್ತಾನೆ. ಮಗಳ ಹೆಸರು ಬರೀರಿ" ಅಂದರು ಅಪ್ಪ.

"ಹೆತ್ತ ಅಪ್ಪನ ವಿಷಯ ಯಜಮಾನ್ರೇ. ಅವತ್ತು ಇವರು ಗಟ್ಟಿಯಾಗಿ ನಿಲ್ತಾರಾ?" ಅಂದರು ವಕೀಲರು.

"ಇವಳ ಬಾಯಿ ಮುಚ್ಚಿಸೋಕೆ ಇಷ್ಟು ವರ್ಷದಿಂದ ನಿಮ್ಮ ಕೈಲೇ ಆಗಿಲ್ಲ. ಆಸ್ಪತ್ರೆಯೋರ ಕೈಲಿ ಆಗುತ್ತಾ?"

ಮೆಟ್ಟಿಲ ತುಂಬ ನಗು. ನನಗೆ ಅಳುನೂ ಬಂತು, ಹೆಮ್ಮೆಯಿಂದ ಎದೆನೂ ಉಬ್ಬಿತು. ಎದುರುಗಡೆ ವಕೀಲರು ಜನ್ಮದಲ್ಲಿ ಮೊದಲ ಸಲ ನನ್ನ ವಿಷಯದಲ್ಲಿ "ನೋ ಅಬ್ಜೆಕ್ಷನ್" ಅಂದು, ನನ್ನ ಹೆಸರು ಬರೆದರು.