ನಾನು ಇಳಿಸಿದ ಗವತಿ ಚಹಾದ ಎಣ್ಣೆ

ಊಹಿಸಿ ನೋಡೋಣ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು ಕೈಯಾರೆ ಇಳಿಸಿದ ಔಷಧಿ ಎಣ್ಣೆ ಹಾಕಿದರೆ ಬ್ಯಾಕ್ಟೀರಿಯಾ ಏನಾದವು? ಸತ್ತವು ಅಂತೀರಿ. ತಡೀರಿ, ನಾನು ಕೈ ಹಚ್ಚಿದ ಕೆಲಸ ಅಷ್ಟು ಸರಳ ಮುಗಿದದ್ದೇ ಇಲ್ಲ. ಭಾಲ್ಕಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ಹಳೇ ಶಿಷ್ಯೆಗೆ, ಕೊಂದು ತೋರಿಸ್ತೇನಿ, ನಿನ್ನ ಹುಡುಗರನ್ನ ಕೂಡಿಸಿಡು ಅಂತ ಬೇರೆ ಹೇಳಿಬಿಟ್ಟಿದ್ದೆ. ನನ್ನ ಮರ್ಯಾದೆ ಪೂರಾ ಆ ಎಣ್ಣೆಯ ಮೇಲೆ ನಿಂತಿತ್ತು.

ಔರಾದ ಬಸ್ಸು

ಔರಾದದ ಗೆಳೆಯನ ಹೊಲದ ಬದುವಿನಲ್ಲಿ ಮಜ್ಜಿಗೆ ಹುಲ್ಲು ಸೊಂಪಾಗಿತ್ತು. ನಮ್ಮ ಕಡೆ ಅದಕ್ಕೆ ಗವತಿ ಚಹಾ ಅಂತಾರೆ. ಒಂದು ಹೊರೆ ಕೊಯ್ದು ಬೀದರ ಬಸ್ಸು ಹತ್ತಿದೆ. ಎಷ್ಟು ಎಮ್ಮಿ ಕಟ್ಟೀರಿ ಅಂತ ಪಕ್ಕದವರು ಕೇಳಿದರು. ನನಗೆ ಅಷ್ಟೇ ಸಾಕಿತ್ತು. ಎದ್ದು ನಿಂತು, ಇದರ ಎಣ್ಣೆಯ ಬಹುಪಾಲು ಸಿಟ್ರಾಲ್, ನಿಂಬೆಯ ವಾಸನೆ ಅದರದ್ದೇ, ಜೊತೆಗೆ ಒಂಚೂರು ಜೆರಾನಿಯಾಲ್, ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಹರೀತಾವೆ ಅಂತ ಪಾಠ ಸುರು ಮಾಡಿದೆ. ಬಸ್ಸು ಗಪ್‌ಚುಪ್. ನೌಕರಿಯಲ್ಲಿದ್ದಾಗಲೂ ಅಂಥ ಕ್ಲಾಸು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಂದ.

"ಕಾಕಾ, ಬಸ್ಸಿನ್ಯಾಗ ಔಷಧ ಮಾರೋದು ಬಂದ್ ಆಗ್ಯಾದ್ರಿ."

ಹಿಂದಿನ ಸೀಟಿನ ಅಜ್ಜಿ ಕೈ ಚಾಚಿದಳು. "ಅಂವ ನಿನ್ನ ಬಸ್ಸಿನಿಂದ ಇಳಸೂಕಿಂತ ಮೊದಲ ಹಲ್ಲುನೋವಿಂದು ಒಂದು ಶೀಸಾ ಕೊಡಪ್ಪ."

ಕುಕ್ಕರ್

ಬೀದರದ ಮನೆಯಲ್ಲಿ ಕುಕ್ಕರಿನ ಸೀಟಿ ಕಿತ್ತು, ರಬ್ಬರ್ ನಳಿಗೆ ಜೋಡಿಸಿ, ಉಗಿಯನ್ನು ತಣ್ಣೀರಿನ ಬಕೀಟಿನಲ್ಲಿ ಹಾಯಿಸಿ ಭಟ್ಟಿ ಇಳಿಸಿದೆ. ಮರುದಿನದಿಂದ ಆ ಕುಕ್ಕರಿನ ಬ್ಯಾಳಿಗೆಲ್ಲ ಮೈಸಾಬೂನಿನ ರುಚಿ. ಕೀಟಾಣು ಸಾಯ್ತಾವೆ, ಒಳ್ಳೇದೇ ಅಂತ ಹೆಂಡತಿಗೆ ಸಮಾಧಾನ ಹೇಳಿದೆ.

"ಕೀಟಾಣು ಗೊತ್ತಿಲ್ರಿ, ಹಸಿವಿ ಮಾತ್ರ ಸತ್ತದ," ಅಂದಳು.

ಭಾಲ್ಕಿಯ ತಟ್ಟೆ

ಎಣ್ಣೆ ತುಂಬಿದ ಬಾಟಲಿ ಎರಡು ದಿನ ಮೊದಲೇ ಶಿಷ್ಯೆಗೆ ಮುಟ್ಟಿಸಿದ್ದೆ. ನಾನು ಹೋದಾಗ ಸಭಾಂಗಣದ ತುಂಬ ಹುಡುಗರು. ಆಕೆ ಮೊದಲು ನನ್ನನ್ನು ಲ್ಯಾಬಿಗೆ ಕರೆದೊಯ್ದು ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ತಟ್ಟೆ ತೋರಿಸಿದಳು. ಔಷಧಿ ಅಂಗಡಿಯ ಆ್ಯಂಟಿಬಯೋಟಿಕ್ ಇಟ್ಟಲ್ಲಿ ಸುತ್ತ ಖಾಲಿ ಬಯಲು. ನನ್ನ ಎಣ್ಣೆ ಇಟ್ಟಲ್ಲಿ ಅವು ಪಂಕ್ತಿಗೆ ಕೂತ ಹಾಗೆ ಒತ್ತಿ ಬೆಳೆದಿದ್ದವು.

ಭಾಲ್ಕಿಯ ಬ್ಯಾಕ್ಟೀರಿಯಾ ಭಾಳ ಗಟ್ಟಿ ಅಂದೆ.

"ಸರ್, ಭಟ್ಟಿ ಇಳಿದ ಮ್ಯಾಲ ಎರಡು ಪದರ ನಿಂತಿದ್ದವಲ್ರಿ, ಯಾವುದು ಹಿಡಿದ್ರಿ?"

"ಕೆಳಗಿಂದು. ಮ್ಯಾಲಿನ ನೀರು ಬಚ್ಚಲಿಗೆ ಚೆಲ್ಲೀನಿ."

ಮೂವತ್ತು ವರ್ಷ ಲ್ಯಾಬಿನಲ್ಲಿ ಕ್ಲೋರೋಫಾರ್ಮ್ ಬೇರ್ಪಡಿಸಿದ ಕೈ ನೋಡಿ. ಅದು ನೀರಿಗಿಂತ ಭಾರ, ಕೆಳಗೇ ಸಿಗುತ್ತಿತ್ತು. ಕೈ ತಾನಾಗೇ ಕೆಳಗಿನದನ್ನು ಹಿಡಿದಿತ್ತು.

ಆಕೆ ನೆಲ ನೋಡುತ್ತ ಮೆಲ್ಲಗೆ ಅಂದಳು, "ಸರ್, ಎಣ್ಣಿ ತೇಲ್ತದ್ರಿ."

ಬಾಟಲಿಯಲ್ಲಿ ನಾನು ತುಂಬಿಕೊಟ್ಟದ್ದು ನೀರು. ಎಣ್ಣೆಯನ್ನೆಲ್ಲ ನಮ್ಮ ಬಚ್ಚಲು ಕುಡಿದಿತ್ತು. ಹಿಂದಿನ ಬಾಗಿಲು ಎಲ್ಲಿ ಅದ ಅಂತ ಕೇಳಿದೆ. ಆಕೆ ಕೈ ಹಿಡಿದು ಸಭಾಂಗಣಕ್ಕೇ ಎಳೆದೊಯ್ದು, ಹಾರ ಹಾಕಿ, ಮೈಕಿನಲ್ಲಿ ಹೇಳಿದಳು: "ಲ್ಯಾಬಿನ್ಯಾಗ ನನಗ ಏನೇನು ಬರ್ತದೋ, ಎಲ್ಲಾ ಇವರೇ ಕಲಿಸಿದ್ದು."

ಹುಡುಗರು ಎದ್ದು ನಿಂತು ಚಪ್ಪಾಳೆ ಹೊಡೆದರು. ಹಾರ ಯಾಕೆ ಅಂತೀರಾ? ಅವತ್ತು ಸೆಪ್ಟೆಂಬರ್ ಐದು, ಶಿಕ್ಷಕರ ದಿನ.