ಪುಡಿಯಣ್ಣನ ಅನಿಲಬೇಟೆ

ಬೆಳ್ಳುಳ್ಳಿಯ ಘಾಟು ಮೂಗಿಗೆ ಬಡಿದ ಕ್ಷಣವೇ ಪುಡಿಯಣ್ಣನಿಗೆ ತನ್ನ ನೌಕರಿ ಹೋಯಿತು ಅನ್ನಿಸಿತು. ಘಾಟು ಬರುತ್ತಿದ್ದುದು ಪ್ರಯೋಗಾಲಯದ ಓವನ್ನಿನಿಂದ. ಬಾಗಿಲು ತೆರೆದರೆ, ಅವನ ಪುಡಿಯ ತಟ್ಟೆಯನ್ನು ಊಟದ ಡಬ್ಬಿಗಳು ಮದುಮಗನನ್ನು ಮುತ್ತಿದ ನೆಂಟರ ಹಾಗೆ ಸುತ್ತುವರಿದು ಹಬೆಯಾಡುತ್ತಿದ್ದವು.

"ಅಕ್ಕಾ! ಇದನ್ನೆಲ್ಲ ಯಾರು ಇಟ್ಟಿದ್ದು?"

"ನಾನೇ ಕಣೋ," ಎಂದಳು ಲೆಕ್ಕಪತ್ರ ವಿಭಾಗದ ಅಕ್ಕ. "ಹೇಗಿದ್ರೂ ಕಾದಿತ್ತು. ನಿನ್ನ ಪುಡಿ ಒಂದಕ್ಕೇ ಅಷ್ಟು ಕರೆಂಟ್ ದಂಡ ಅಲ್ವಾ? ನಿನ್ನ ಡಬ್ಬೀನೂ ಇಟ್ಟಿದೀನಿ ನೋಡು."

ಅದು ಅಂಥಿಂಥ ಪುಡಿಯಲ್ಲ. ಕಣಕಣದಲ್ಲೂ ಕಣ್ಣಿಗೆ ಕಾಣದ ತೂತುಗಳು. ಹಳೆಯ ಫ್ರಿಜ್ಜು, ಏಸಿಗಳಿಂದ ಸೋರಿ ಭೂಮಿಯನ್ನು ಬಿಸಿ ಮಾಡುವ ಫ್ಲೋರಿನ್ ಬೆರೆತ ಅನಿಲ ಆ ತೂತುಗಳನ್ನು ಹೊಕ್ಕರೆ ಅಲ್ಲೇ ಸೆರೆ. ಆದರೆ ಮೊದಲು ಪುಡಿಯನ್ನು ಕಾಯಿಸಿ, ತೇವವನ್ನೆಲ್ಲ ಓಡಿಸಿ, ತೂತುಗಳನ್ನು ಖಾಲಿ ಮಾಡಿಡಬೇಕು. ಈಗ ಅಲ್ಲಿ ಇಡೀ ಕಚೇರಿಯ ಊಟದ ಹಬೆ ಬಿಡಾರ ಹೂಡಿತ್ತು. ಮಧ್ಯಾಹ್ನ ತಜ್ಞರ ಎದುರು ಪರೀಕ್ಷೆ. ಪುಡಿ ಗೆದ್ದರೆ, ವರ್ಷಗಳಿಂದ ಹಂಗಾಮಿಯಾಗಿಯೇ ಸವೆದ ಪುಡಿಯಣ್ಣ ಖಾಯಂ. ಸೋತರೆ ಮನೆಗೆ.

"ಇನ್ನೊಂದ್ಸಲ ಕಾಯ್ಸಪ್ಪ, ಅದಕ್ಯಾಕೆ ಅಳ್ತೀಯ?"

"ಅದಕ್ಕೆ ರಾತ್ರಿಯಿಡೀ ಬೇಕಕ್ಕಾ!"

ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಕೂದಲು ಒಣಗಿಸುವ ಯಂತ್ರ ಹಿಡಿದು ಓಡಿಬಂದ. "ಬಿಡಣ್ಣ, ಎರಡೇ ನಿಮಿಷ!" ಎನ್ನುತ್ತ ಗುಂಡಿ ಒತ್ತಿದ. ಅರ್ಧ ಪುಡಿ ಹಾರಿ ಅವನ ಮೀಸೆಯ ಮೇಲೆ ಕೂತಿತು. ಹಿಟ್ಟಿನ ಗಿರಣಿಯಿಂದ ಎದ್ದುಬಂದವನಂತೆ ಅವನು ಸೀನುತ್ತಿರುವಾಗಲೇ ಮುಖ್ಯಸ್ಥೆ ಒಳಗೆ ಬಂದರು.

"ತಜ್ಞರು ಬಂದ್ರು. ಶುರು ಮಾಡಿ."

ಹಿಂದೆಯೇ ತಜ್ಞರು ಪೆಟ್ಟಿಗೆ ಹಿಡಿದು ಬಂದರು. ಬೇರೆ ದಾರಿಯಿಲ್ಲದೆ ಪುಡಿಯಣ್ಣ ಉಳಿದ ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ, ಒಂದು ತುದಿಗೆ ಅದೇ ಅನಿಲದ ಸಿಲಿಂಡರ್, ಇನ್ನೊಂದಕ್ಕೆ ಮೀಟರು ಜೋಡಿಸಿ, ಕಣ್ಣು ಮುಚ್ಚಿ ಸಿಲಿಂಡರ್ ತಿರುಗಿಸಿದ. ಪುಡಿ ಹಿಡಿಯದ ಅನಿಲವೆಲ್ಲ ಮೀಟರಿಗೆ ನುಗ್ಗಿ ಮುಳ್ಳು ಏರಬೇಕು.

ಮುಳ್ಳು ಸೊನ್ನೆಯ ಮೇಲೆ ಕೂತದ್ದು ಕೂತೇ ಇತ್ತು!

"ಒಂದು ಚೂರೂ ತಪ್ಪಿಸ್ಕೊಂಡಿಲ್ಲ!" ತಜ್ಞರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಎಲೆಕ್ಟ್ರಿಷಿಯನ್ ಪುಡಿಯಣ್ಣನ ಕಿವಿಗೆ ಬಾಯಿಟ್ಟ. "ಅಣ್ಣ, ಬೈಬೇಡ. ಸಿಲಿಂಡರಲ್ಲಿ ಗ್ಯಾಸೇ ಇಲ್ಲ. ಮೇಡಂ ರೂಮಿನ ಫ್ರಿಜ್ ಕೆಟ್ಟಿತ್ತು. ತಜ್ಞರಿಗೆ ತಣ್ಣೀರು ಬೇಡ್ವಾ ಅಂತ ಬೆಳಿಗ್ಗೆ ಎಲ್ಲಾ ಅದಕ್ಕೇ ತುಂಬಿಸ್ಬಿಟ್ಟೆ."

ಪುಡಿಯಣ್ಣ ಲೆಕ್ಕ ಹಾಕಿದ. ಸುಮ್ಮನಿದ್ದರೆ ಖಾಯಂ. ಆದರೆ ಖಾಲಿ ಸಿಲಿಂಡರಿನ ಖಾಯಂ ಕದ್ದ ಮಾಲಿದ್ದಂತೆ. ಆಗ ಒಂದು ದಾರಿ ಹೊಳೆಯಿತು. ಸಿಲಿಂಡರಿನ ಅರ್ಧ ನಿಜ ಹೇಳಿ, ಒದ್ದೆ ಪುಡಿಯ ಇನ್ನರ್ಧ ನುಂಗಿಬಿಟ್ಟರೆ? ಪರೀಕ್ಷೆ ನಾಳೆಗೆ ಹೋಗುತ್ತದೆ; ರಾತ್ರಿ ಓವನ್ ಮುಂದೆ ಕಾವಲು ಕೂತು ಪುಡಿ ಕಾಯಿಸಿದರಾಯಿತು. ಮನಸ್ಸಿಗೂ ನೆಮ್ಮದಿ, ಕೆಲಸವೂ ಭದ್ರ.

"ಸಾರ್, ಕ್ಷಮಿಸಿ. ಸಿಲಿಂಡರ್ ಖಾಲಿಯಾಗಿತ್ತು. ನಾಳೆ ಇನ್ನೊಂದ್ಸಲ ಪರೀಕ್ಷೆ ಮಾಡೋಣ."

ಮುಖ್ಯಸ್ಥೆ ಹಣೆ ಹಿಡಿದುಕೊಂಡರು. ತಜ್ಞರ ಕಣ್ಣು ಮಾತ್ರ ಒದ್ದೆಯಾಯಿತು.

"ಎಂಥಾ ಪ್ರಾಮಾಣಿಕ ಮನುಷ್ಯರಪ್ಪಾ ನೀವು! ನಾಳೆ ತುಂಬಿದ ಸಿಲಿಂಡರ್ ನಾನೇ ತರ್ತೀನಿ. ನಿಮ್ಮಂಥವರ ಮೇಲೆ ಯಾರೂ ಬೆರಳು ತೋರಿಸ್ಬಾರ್ದು ನೋಡಿ..."

ಹಾಗೆನ್ನುತ್ತಲೇ ಅವರು ಕೊಳವೆಯ ಎರಡೂ ತುದಿಗೆ ಬಿರಡೆ ಜಡಿದು, ಅರಗು ಒತ್ತಿ, ಅದನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"...ನಾಳೆ ಇದೇ ಪುಡಿ!"