‘ನಿಲ್ಲಿಸಲೇ?’ ಎಂದು ಕೇಳುವ ಬೀಜಗಣಿತದ ಪ್ರೋಗ್ರಾಂಗೆ

ಕ್ಯೋಟೋದ ನಮ್ಮ ಗಣಿತ ವಿಭಾಗದ ಒಂದೇ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಬೀಡುಬಿಟ್ಟಿರುವ, ಸಮೀಕರಣ ಬಿಡಿಸುವುದರಲ್ಲಿ ಎತ್ತಿದ ಕೈಯಾದ ಪ್ರೋಗ್ರಾಂ ಮಹಾಶಯರಿಗೆ,

ಮಾನ್ಯರೇ, ಚೆರ್ರಿ ಹೂವೆಲ್ಲ ಉದುರಿ ಎಳೆ ಎಲೆ ಮೂಡುತ್ತಿರುವ ಈ ಹೊತ್ತಿನಲ್ಲಿ ತಾವು ಮೈ ಬಿಸಿಯಾಗದೆ, ಫ್ಯಾನು ಗೊರಗುಟ್ಟದೆ ಕ್ಷೇಮವಾಗಿರುವಿರೆಂದು ನಂಬಿ, ಹಿಗಾಶಿದಾ ಚಿಗುಸಾ ಎಂಬ ನಾನು ತಲೆಬಾಗಿ ಬರೆಯುತ್ತಿದ್ದೇನೆ.

ಮೊನ್ನೆ ನಾನು ಕೈತಪ್ಪಿ ಕೊಟ್ಟ ಲೆಕ್ಕಕ್ಕೆ ಕೊನೆಯೇ ಇರಲಿಲ್ಲ. ಆದರೂ ತಾವು ಬೇಸರಿಸದೆ ಯಂತ್ರದ ಮೆಮೊರಿಯನ್ನೆಲ್ಲ ನುಂಗುತ್ತ ಅದನ್ನು ಮಾಡುತ್ತಲೇ ಇದ್ದಿರಿ, ಎಂಥ ಶ್ರದ್ಧೆ! ಅದೇ ಯಂತ್ರದಲ್ಲಿ ಮಧ್ಯಾಹ್ನ ನನ್ನ ಸಹೋದ್ಯೋಗಿ ನಗಾವೊ ಅವರು ಸಮಿತಿಯ ಮುಂದೆ ತಮ್ಮ ಲೆಕ್ಕ ಓಡಿಸಿ ತೋರಿಸಿದರೆ ಮಾತ್ರ ಅವರ ಕೆಲಸ ಖಾಯಂ, ಇಲ್ಲವಾದರೆ ಸೋದರಮಾವನ ಉಪ್ಪಿನಕಾಯಿ ಅಂಗಡಿಯೇ ಗತಿ. ಪಾಪ, ಬಾಗಿಲಲ್ಲಿ ನಿಂತು, “ನಿಮ್ಮ ಲೆಕ್ಕ ಎಷ್ಟು ಚುರುಕಾಗಿ ಓಡ್ತಾ ಇದೆ ಚಿಗುಸಾ ಅವ್ರೇ, ನೋಡೋಕೇ ಖುಷಿ” ಅಂದರು. ನಾನೂ ಬೈಗುಳವನ್ನು ಹೊಗಳಿಕೆಯಲ್ಲಿ ಸುತ್ತಿ ಕೊಡುವ ಕ್ಯೋಟೋದವಳೇ, “ಯಂತ್ರ ಬಿಡೇ ಮಾರಾಯ್ತಿ” ಎಂದು ಬೈದಷ್ಟೇ ಚೆನ್ನಾಗಿ ಅರ್ಥವಾಗಿ ಕಿವಿ ಬಿಸಿಯಾಯಿತು.

ಕೂಡಲೇ ತಡೆಯುವ ಕೀಲಿ ಒತ್ತಿದೆ. ತಾವೋ, “ನಿಜವಾಗಿಯೂ ನಿಲ್ಲಿಸಲೇ? ಹೌದು ಅಥವಾ ಇಲ್ಲ” ಎಂದು ಕೇಳಿದಿರಿ. ಅಯ್ಯೋ ದೇವರೇ, ಅಷ್ಟು ವಿನಯದಿಂದ ಕೇಳಿದವರಿಗೆ ಮುಖಕ್ಕೆ ಹೊಡೆದ ಹಾಗೆ ‘ಹೌದು’ ಅನ್ನುವುದುಂಟೇ? ‘ಛೆ ಛೆ, ಇಲ್ಲ, ನಡೆಯಲಿ’ ಎಂದು ಬೆರಳು ತಾನಾಗಿ ‘ಇಲ್ಲ’ ಒತ್ತಿತು, ತಾವು ನಡೆಸಿದಿರಿ. ಮತ್ತೆ ತಡೆದೆ, ಮತ್ತೆ ಕೇಳಿದಿರಿ, ಮತ್ತೆ ಸಂಕೋಚಪಟ್ಟು ಸತ್ತೆ. ಅತ್ತ ಸಮಿತಿಯವರು ಬಂದು ಕೂತೇಬಿಟ್ಟರು.

ಕೊನೆಗೆ, ಮನಸ್ಸಿನಲ್ಲಿದ್ದದ್ದನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಓಡಾಡುವ ಒಸಾಕಾ ಊರಿನವರಾದ ನಮ್ಮ ಕಚೇರಿಯ ತ್ಸುಜಿಮೊತೊ ಅಕ್ಕ, “ಏನ್ರೀ ಇದು, ಒಂದು ಹೌದು ಅನ್ನೋಕೆ ಮುಹೂರ್ತ ಬೇಕಾ? ಸರೀರಿ ಆಚೆ!” ಎಂದು ‘ಹೌದು’ ಒತ್ತಿಯೇಬಿಟ್ಟರು. ನಗಾವೊ ಗೆದ್ದರು, ಕೆಲಸ ಖಾಯಂ ಆಯಿತು, ನಾನು ವರಾಂಡದಲ್ಲೇ ಕುಣಿದುಬಿಟ್ಟೆ.

ಆದಕಾರಣ ತಮ್ಮಲ್ಲಿ ಅರಿಕೆ ಏನೆಂದರೆ, ಇನ್ನು ಮುಂದೆ ನಾನು ‘ಇಲ್ಲ’ ಎಂದಾಗ ತಾವು ನನ್ನ ಮುಖದ ಬಣ್ಣ ನೋಡಿ ‘ಹೌದು’ ಎಂದು ತಿಳಿಯತಕ್ಕದ್ದು. ಅದಾಗದಿದ್ದರೆ ‘ನನಗೂ ಹೊತ್ತಾಯಿತು’ ಎಂದು ತಾವೇ ಎದ್ದು ಹೊರಡತಕ್ಕದ್ದು. ಅದೂ ಆಗದಿದ್ದರೆ ಒಸಾಕಾದಲ್ಲಿ ಬಾಡಿಗೆ ಮನೆ ಹಿಡಿದು ಒಂದು ವರ್ಷ ಇದ್ದು ಬರತಕ್ಕದ್ದು.

ಸಂಕೋಚದಲ್ಲೇ ಬೆಂದುಹೋದ,
ತಮ್ಮ ವಿಶ್ವಾಸಿ,
ಹಿಗಾಶಿದಾ ಚಿಗುಸಾ

ತಾ.ಕ.: ಆ ಖುಷಿಯಲ್ಲಿ ತಮಗೆ ‘ನಿರ್ಗಮಿಸು’ ಎಂದು ಟೈಪು ಮಾಡಿದೆ. ಕೆಲಸಕ್ಕೆ ಬಾರದ ಲೆಕ್ಕ ನಿಲ್ಲಿಸಲು ಅಷ್ಟು ಸಲ ಅಪ್ಪಣೆ ಕೇಳಿದ ತಾವು, ನಾನಿನ್ನೂ ಉಳಿಸಿಡದಿದ್ದ ಇಡೀ ಚಳಿಗಾಲದ ಕೆಲಸವನ್ನು ಒಂದು ಮಾತೂ ಕೇಳದೆ ಅಳಿಸಿ ಹೊರಟೇ ಹೋದಿರಿ. ಮತ್ತೆ ಮೊದಲಿನಿಂದ ಮಾಡಲು ಯಂತ್ರ ಬೇಕಲ್ಲ. ಖಾಯಂ ಆದಮೇಲೆ ಅದರ ಉಸ್ತುವಾರಿ ಹೊತ್ತಿರುವ ನಗಾವೊ ಅವರನ್ನೇ ಕೇಳಿದೆ. “ಅಯ್ಯೋ, ಅದಕ್ಕೇನಂತೆ, ನೋಡೋಣ ಬಿಡಿ” ಅಂದರು. ನಾನೂ ಕ್ಯೋಟೋದವಳೇ, ಮತ್ತೆ ಕಿವಿ ಬಿಸಿಯಾಯಿತು.